ಕೊನೆಯ ಸಾಲಿನ ಕೆಳಗಿನ ಚಂದ್ರ

ಆ ಪುಸ್ತಕವನ್ನು ಮೊದಲು ಮುಟ್ಟಿದವಳು ನಾನು. ಋಷಿಕೇಶ್ ಇವತ್ತಿಗೂ ಇದನ್ನು ಒಪ್ಪುವುದಿಲ್ಲ, ಆದ್ದರಿಂದ ಬರೆದೇ ಇಡುತ್ತಿದ್ದೇನೆ.

ಡಿಸೆಂಬರಿನ ಎರಡನೇ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಕೋಲ್ಕತ್ತಾದ ಲೇಕ್ ಗಾರ್ಡನ್ಸ್‌ನ ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ "ಗಡಿಯಾರದೊಳಗಿನ ಗುಬ್ಬಿ" ಎಂಬ ಮಕ್ಕಳ ಕಥೆ ಕಣ್ಣಿಗೆ ಬಿತ್ತು. ಅದರ ಬೆನ್ನಿಗೆ ಬೆರಳಿಟ್ಟೆ. ನಾನು ಎಳೆಯುವ ಮೊದಲೇ ಪುಸ್ತಕ ತಾನಾಗಿ ಹಿಂದಕ್ಕೆ ಸರಿಯಿತು. ಸರಿಯುತ್ತಾ ಹೋಗಿ ಕಪಾಟಿನ ಕತ್ತಲಲ್ಲಿ ಮಾಯವಾಯಿತು.

ನಾನು ಹೆದರುವವಳಲ್ಲ ಎಂದು ನನ್ನ ಬಗ್ಗೆ ನನಗೊಂದು ಅಭಿಪ್ರಾಯವಿತ್ತು. ಅದು ಅವತ್ತು ಕೈಕೊಟ್ಟಿತು. ಕೂಗಿಯೇ ಬಿಟ್ಟೆ.

"ಸಾರಿ, ಸಾರಿ," ಎಂದಿತು ಕಪಾಟು.

ಆ ಕಪಾಟಿಗೆ ಹಿಂಬದಿಯ ಹಲಗೆ ಇರಲಿಲ್ಲ. ಪುಸ್ತಕ ಹೋದ ಸಂದಿಯಲ್ಲಿ ಎರಡು ಕಣ್ಣು ಕಂಡವು. ಕನ್ನಡಕದ ಹಿಂದೆ ಇದ್ದರೂ ನಗುವುದನ್ನು ಮರೆಮಾಡಲಾರದ ಕಣ್ಣು.

"ಅದು ನಾನು ತೆಗೀಲಿಕ್ಕೆ ಹೊರಟದ್ದು," ಎಂದೆ.

"ಬಟ್ ನನ್ನ ಕೈಯಲ್ಲಿ ಉಂಟಲ್ಲ."

"ಕಾಣಿ, ಮೊದಲು ಮುಟ್ಟಿದ್ದು ನಾನು."

ಆ ಕಣ್ಣಿನ ನಗು ಥಟ್ಟನೆ ನಿಂತಿತು. ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದವರ ಹಾಗೆ ಅವನು ಒಮ್ಮೆ ಕೋಣೆಯ ಆಚೆ ತುದಿಗೆ ನೋಡಿ ಮತ್ತೆ ನನ್ನನ್ನು ನೋಡಿದ.

"ಏನಂದ್ರಿ ನೀವು?"

"ಕಾಣಿ ಅಂದೆ. ನೋಡಿ ಅಂತ. ನಮ್ಮ ಬ್ರಹ್ಮಾವರದ ಕಡೆ ಹಾಗೇ ಹೇಳೂದು."

"ಗೊತ್ತುಂಟು," ಎಂದ, ಬಹಳ ಮೆತ್ತಗೆ.

ಅವನು ಕಪಾಟಿನ ಹಿಂದಿನಿಂದ ಹೊರಗೆ ಬಂದಾಗ ನೋಡಿದೆ. ಹೆಸರು ಋಷಿಕೇಶ್ ಎಂದ. ಎತ್ತರದ ಆಳು, ಅರ್ಧ ತೋಳಿನ ಸ್ವೆಟರ್, ಜೇಬಿನಿಂದ ಇಣುಕುವ ಮಂಕಿ ಟೋಪಿ. ಹುಟ್ಟಿದ್ದು ಬೆಳೆದದ್ದು ಎಲ್ಲ ಕೋಲ್ಕತ್ತಾ. ಡಮ್ ಡಮ್‌ನಲ್ಲಿ ಮನೆ, ಅಲ್ಲೇ ಹತ್ತಿರದ ಸಂಸ್ಥೆಯೊಂದರಲ್ಲಿ ಸಂಶೋಧನೆ. ಪುಸ್ತಕ ಯಾರಿಗೆಂದು ಕೇಳಿದೆ. ಅಕ್ಕನ ಮಗಳಿಗೆ ಎಂದ.

"ಎಷ್ಟು ವರ್ಷ ಮಗುವಿಗೆ?"

"ಏಳು. ಎಂಟು. ಆ ರೇಂಜ್."

ಸುಳ್ಳು ಹೇಳಲು ಬಾರದ ಗಂಡಸರು ನನಗೆ ಮೊದಲಿನಿಂದಲೂ ಇಷ್ಟ. ಪುಸ್ತಕ ಬಿಟ್ಟುಕೊಟ್ಟೆ.

ನಾನು ಅಲ್ಲಿದ್ದದ್ದು ಒಂದು ಕೆಲಸಕ್ಕಾಗಿ. ಇಲ್ಲೇ ಬೆಳೆಯುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಯಾವ ಹಳೇ ಕಾದಂಬರಿ ಓದಬೇಕು, ಯಾವ ಮಕ್ಕಳ ಕಥೆ ಓದಬೇಕು ಎಂದು ಒಂದು ಪಟ್ಟಿ ಬೇಕು, ಯುಗಾದಿಗೆ ಅಚ್ಚು ಹಾಕಿಸೋಣ ಎಂದು ಸಂಘದವರು ಹೇಳಿದ್ದರು. ನಾನು ಇಲ್ಲಿನ ಕಸ್ಬಾದ ಬ್ಯಾಂಕ್ ಬ್ರಾಂಚಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಬ್ಯಾಂಕಿಗೆ ರಜೆಯಿರುವ ಎರಡನೇ, ನಾಲ್ಕನೇ ಶನಿವಾರಗಳಲ್ಲಿ ನನಗೆ ಬೇರೆ ಕೆಲಸವೂ ಇರಲಿಲ್ಲ. ಒಪ್ಪಿಕೊಂಡೆ. ಆಮೇಲೆ ಒಂಬತ್ತು ಕಪಾಟು ನೋಡಿ ತಲೆ ಮೇಲೆ ಕೈ ಹೊತ್ತುಕೊಂಡೆ.

ದಾರಿ ತೋರಿಸಿದ್ದು ಒಂದು ಪೆನ್ಸಿಲ್ ಗುರುತು.

ನಮ್ಮ ಲೈಬ್ರರಿಯ ಹಳಬರದು ಒಂದು ಅಭ್ಯಾಸ. ಓದಿದ್ದನ್ನೇ ಮರೆತು ಮತ್ತೆ ಮನೆಗೆ ಒಯ್ಯಬಾರದೆಂದು ಒಬ್ಬೊಬ್ಬರೂ ಪುಸ್ತಕದಲ್ಲಿ ತಮ್ಮದೇ ಒಂದು ಜಾಗ ಹಿಡಿದು ಸಣ್ಣದೊಂದು ಗುರುತು ಹಾಕುತ್ತಾರೆ. ಇಪ್ಪತ್ತೇಳನೇ ಪುಟದ ಮೂಲೆಯಲ್ಲಿ ತ್ರಿಕೋನ ಒಬ್ಬರದು, ಮುನ್ನುಡಿಯ ಪಕ್ಕದಲ್ಲಿ ಎರಡು ಗೀಟು ಇನ್ನೊಬ್ಬರದು. ಯಾವುದು ಯಾರದೆಂದು ಕೇಳುವ ಪದ್ಧತಿಯಿಲ್ಲ. ಕೆಲವು ಪುಸ್ತಕಗಳಲ್ಲಿ ಮಾತ್ರ ಕೊನೆಯ ಸಾಲಿನ ಕೆಳಗೆ ಒಂದು ಅರ್ಧಚಂದ್ರ, ಮಗ್ಗುಲಲ್ಲೊಂದು ಚುಕ್ಕಿ ಇರುತ್ತಿತ್ತು. ಕಥೆ ಪೂರ್ತಿ ಮುಗಿಸಿದವರಷ್ಟೇ ಹಾಕಬಹುದಾದ ಗುರುತು ಅದು.

ಚಂದ್ರ ಇರುವ ಯಾವ ಪುಸ್ತಕವೂ ನನ್ನನ್ನು ನಿರಾಸೆ ಮಾಡಲಿಲ್ಲ. "ಅಂಬಿಗನ ಅಳಿಯ" ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. "ಹುಣಸೇಬೀಜದ ಸೈನ್ಯ" ಎಂಬ ಮಕ್ಕಳ ಕಥೆ ಮುಗಿಸಿ, ಮೂವತ್ತೊಂದು ವರ್ಷದ ಅಧಿಕಾರಿಣಿ, ದಿಂಬು ಒದ್ದೆ ಮಾಡಿಕೊಂಡೆ. ಮುಂದೆ ಮುಂದೆ ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಪುಟವನ್ನೇ ತೆರೆಯುತ್ತಿದ್ದೆ. ಚಂದ್ರ ಇದ್ದರೆ ಏನೋ ಸಮಾಧಾನ. ಈ ಮನುಷ್ಯನ ಜೊತೆ ಒಂದು ಚಹಾ ಕುಡಿಯಬೇಕು ಎನಿಸುತ್ತಿತ್ತು. ಗಂಡೋ ಹೆಣ್ಣೋ ಗೊತ್ತಿಲ್ಲ, ಎಷ್ಟು ವಯಸ್ಸೋ ಗೊತ್ತಿಲ್ಲ. ಆದರೂ ಆ ಚಳಿಗಾಲದಲ್ಲಿ ನಾನು ಯಾರಲ್ಲಾದರೂ ಮನಸ್ಸಿಟ್ಟಿದ್ದರೆ ಅದು ಆ ಗುರುತಿನಲ್ಲಿ.

ಚಂದ್ರನಿಲ್ಲದ ಕೆಲವನ್ನೂ ಪರೀಕ್ಷೆಗೆಂದು ಕಸ್ಬಾದ ಮನೆಗೆ ಒಯ್ದೆ. ಅಲ್ಲಿ ನನ್ನ ಜೊತೆ ಕನ್ನಡ ಆಡುವವರು ಯಾರೂ ಇಲ್ಲ. ಅದಕ್ಕೇ ನಾನು ಓದುವಾಗ ಗಟ್ಟಿಯಾಗಿ ಓದುತ್ತೇನೆ, ಕಿವಿಗೂ ಸ್ವಲ್ಪ ಸಿಗಲಿ ಎಂದು.

ಜನವರಿಯ ಎರಡನೇ ಶನಿವಾರ ಹೊರಗೆ ಮಂಜು ಹಾಗೇ ನಿಂತಿತ್ತು. ಅವತ್ತು ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಬ್ಯಾಂಕಿನಲ್ಲಿ ದಿನವಿಡೀ ಸಹಿ ತಾಳೆ ನೋಡುವುದು ನನ್ನ ಕೆಲಸ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಕೈ ಎತ್ತಿದರು, ಎಲ್ಲಿ ಅನುಮಾನಿಸಿದರು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಹಳೇ ಚಂದ್ರಗಳೆಲ್ಲ ಬಲಗಡೆ ದಪ್ಪವಾಗಿ ಶುರುವಾಗಿ ಎಡಗಡೆ ತೆಳ್ಳಗೆ ಮುಗಿಯುತ್ತಿದ್ದವು. ಒಂದೇ ಎಳೆತ. ಆದರೆ ಸುಮಾರು ಇಪ್ಪತ್ತು ಪುಸ್ತಕಗಳಲ್ಲಿ ಚಂದ್ರ ಎಡದಿಂದ ಬಲಕ್ಕೆ ಹೋಗಿತ್ತು, ಮಧ್ಯೆ ಒಮ್ಮೆ ನಿಂತು, ಹೆದರಿ ಹೆದರಿ. ಯಾರೋ ಇನ್ನೊಬ್ಬರ ಸಹಿ ಹಾಕುತ್ತಿದ್ದರು.

ಅಶ್ವತ್ಥನಾರಾಯಣ ಸರ್ ಹತ್ತಿರ ಹೋದೆ. ಮೈಸೂರಿನವರು, ಗಣಿತದ ಪ್ರೊಫೆಸರಾಗಿ ನಿವೃತ್ತರಾದವರು, ಲೈಬ್ರರಿಯ ಬೀಗದ ಕೈ ಅವರದೇ.

"ಸರ್, ಕೇಳಬಾರದು ಅಂತ ಗೊತ್ತು. ಈ ಚಂದ್ರ ಯಾರದು?"

ಅವರು ಪುಸ್ತಕವನ್ನು ಬೆಳಕಿಗೆ ಹಿಡಿದರು. "ಇಂದುಮತಿಯವರದ್ದಲ್ವೇನಮ್ಮ ಇದು. ನಿಮ್ಮ ಕರಾವಳಿ ಕಡೆಯವ್ರೇ, ಸಾಲಿಗ್ರಾಮ. ಎಂಥಾ ಓದು ಅಂತೀಯ. ಎಡಗೈಲಿ ಬರೀತಿದ್ರು."

"ಈಗ ಬರುದಿಲ್ವಾ?"

"ತೀರಿಕೊಂಡು ಮೂರು ವರ್ಷ ಆಯ್ತಲ್ಲಮ್ಮ."

ಪಕ್ಕದ ಸ್ಟೇಷನ್ನಿಗೆ ಲೋಕಲ್ ಟ್ರೇನ್ ಬಂತು. ಕಪಾಟುಗಳ ಗಾಜು ಸಣ್ಣಗೆ ನಡುಗಿ ನಿಂತಿತು. ನಾನು ಇನ್ನೊಂದು ಪುಸ್ತಕದ ಕೊನೆಯ ಪುಟ ತೆರೆದು ಅವರ ಮುಂದಿಟ್ಟೆ.

"ಇದು ಹೋದ ವರ್ಷ ಮರುಮುದ್ರಣ ಆದದ್ದು ಸರ್."

ಅವರು ಚಂದ್ರನನ್ನು ನೋಡಿದರು. ಮುದ್ರಣದ ವರ್ಷ ನೋಡಿದರು. ಮತ್ತೆ ಚಂದ್ರನನ್ನು ನೋಡಿದರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ಕತ್ತಲಾಗ್ತಾ ಇದೆ, ಬೀಗ ಹಾಕ್ಬಿಡೋಣ ನಡಿ," ಎಂದರು. ಆಗಿನ್ನೂ ನಾಲ್ಕೂವರೆ ಗಂಟೆ.

ನಕಲಿ ಸಹಿಯವನನ್ನು ಹಿಡಿಯಲು ನಾನು ನಾಲ್ಕನೇ ಶನಿವಾರದವರೆಗೆ ಕಾದೆ. ಕಷ್ಟವಾಗಲಿಲ್ಲ. ಅದೇ ಹಲಗೆಯಿಲ್ಲದ ಕಪಾಟಿನ ಈಚೆ ನಿಂತು ಸಂದಿಯಲ್ಲಿ ನೋಡಿದೆ. ಋಷಿಕೇಶ್ ಗೋಡೆಗೊರಗಿ ನಿಂತಿದ್ದ. "ಗಡಿಯಾರದೊಳಗಿನ ಗುಬ್ಬಿ"ಯ ಕೊನೆಯ ಪುಟ ತೆರೆದು, ನಾಲಿಗೆ ತುದಿ ಕಚ್ಚಿಕೊಂಡು, ಎಡದಿಂದ ಬಲಕ್ಕೆ ಚಂದ್ರ ಬರೆಯುತ್ತಿದ್ದ.

"ಅಕ್ಕನ ಮಗಳು ಓದಿ ಮುಗಿಸಿದಳಾ?" ಎಂದು ಸಂದಿಯಿಂದ ಕೇಳಿದೆ.

ಈ ಸಲ ಕೂಗುವ ಸರದಿ ಅವನದು.

ಹೊರಗೆ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಮಣ್ಣಿನ ಲೋಟದ ಚಹಾ ಕುಡಿಸಿದ. ನಾನು ಎಡಗೈಯಲ್ಲಿ ಲೋಟ ತೆಗೆದುಕೊಂಡದ್ದನ್ನು ಅವನು ನೋಡಿದ.

"ಅಕ್ಕ ಇಲ್ಲ ನನಗೆ," ಎಂದ. "ಅಮ್ಮ ಇದ್ದರು."

ಇಂದುಮತಿಯವರ ಮಗ ಅವನು. ಚಿಕ್ಕವನಿದ್ದಾಗ ಅಮ್ಮ ಓದಿ ಹೇಳುತ್ತಿದ್ದರು, ಇವನು ಕೇಳುತ್ತಿದ್ದ. ಕೇಳಿದರೆ ಸಾಕಲ್ಲ, ಅಕ್ಷರ ಯಾಕೆ ಎಂದು ಕಲಿಯಲೇ ಇಲ್ಲ. ಕೊನೆಯ ವರ್ಷ ಅಮ್ಮನ ಕಣ್ಣು ಹೋಯಿತು. ಓದಿ ಮುಗಿಯದ ಒಂದು ಕಾದಂಬರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಒಂದು ದಿನ ಕೇಳಿದರಂತೆ, ಇನ್ನು ಸ್ವಲ್ಪವೇ ಉಂಟು, ಓದಿ ಹೇಳ್ತೀಯಾ ಮಗಾ ಎಂದು.

"ಅವಾಗ ನನಗೆ 'ಅ' ಯಾವುದು 'ಆ' ಯಾವುದು ಅಂತ ಗೊತ್ತಿರಲಿಲ್ಲ ಜ್ಯೋತ್ಸ್ನಾ. ಬೇರೆ ಯಾರನ್ನಾದ್ರೂ ಕರಿತೇನೆ ಅಂದೆ. ಬೇಡ ಅಂದ್ರು. ತಿಂಗಳಲ್ಲಿ ಹೋದ್ರು."

ಆಮೇಲೆ ಕಲಿತ. ಮಕ್ಕಳ ಕಥೆಗಳಿಂದ ಶುರು ಮಾಡಿ, ಒಂದೊಂದೇ ಪುಸ್ತಕವನ್ನು ಡಮ್ ಡಮ್‌ನ ಮನೆಗೆ ಒಯ್ದು, ಅಮ್ಮನ ಬೆತ್ತದ ಕುರ್ಚಿಯ ಎದುರು ಕೂತು ಗಟ್ಟಿಯಾಗಿ ಓದಿದ. ಮುಗಿದ ಮೇಲೆ ಅವರ ಪರವಾಗಿ ಚಂದ್ರ ಹಾಕಿದ.

"ಕ್ರೇಜಿ ಅನ್ಸುತ್ತಾ ನಿಮಗೆ?"

ನನಗೆ ಹಾಗನ್ನಿಸಲಿಲ್ಲ. ಒಬ್ಬ ಮನುಷ್ಯ ಇಷ್ಟು ದಿನ ಒಬ್ಬನೇ ಕೂತು ಕಾಗುಣಿತ ಕೂಡಿಸಿದ್ದು ಕಣ್ಣಿಗೆ ಕಟ್ಟಿತು. ನಾನು ಅವನನ್ನು ಪ್ರೀತಿಸತೊಡಗಿದ್ದು ಆ ಚಹಾದ ಅಂಗಡಿಯಲ್ಲೇ. ಆಗ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

"ಆ ಓದಿ ಮುಗಿಯದ ಕಾದಂಬರಿ?" ಎಂದು ಕೇಳಿದೆ.

"ಮನೇಲಿ ಉಂಟು. ರಿಟರ್ನ್ ಮಾಡಿಲ್ಲ. ನನಗೆ ಧೈರ್ಯ ಬರ್ತಿಲ್ಲ. ನೀವು ಓದ್ತೀರಾ?"

ಫೆಬ್ರವರಿಯ ಭಾನುವಾರಗಳಲ್ಲಿ ಡಮ್ ಡಮ್‌ಗೆ ಹೋದೆ. ವಿಮಾನಗಳು ಅವನ ಮನೆಯ ಮೇಲೆ ಎಷ್ಟು ತಗ್ಗಿನಲ್ಲಿ ಹೋಗುತ್ತವೆಂದರೆ ಪಾತ್ರೆಗಳು ಸದ್ದು ಮಾಡುತ್ತವೆ. ಪುಸ್ತಕದ ಹೆಸರು "ಚಿಪ್ಪು ಸುಡುವವರು". ಹೊಳೆ ಸಮುದ್ರ ಸೇರುವಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಒಬ್ಬ ಹೆಂಗಸು, ದೋಣಿಯಲ್ಲಿ ಹೋಗಿ ಮರಳದ ಅವಳ ಗಂಡ. ದಿನಾ ಮುಸ್ಸಂಜೆ ಅವಳು ದಡಕ್ಕೆ ಬಂದು ಅವನ ಹೆಸರು ಹಿಡಿದು ಕೂಗುತ್ತಾಳೆ. ಆಚೆಯಿಂದ ಯಾರಾದರೂ ಓಗೊಡುತ್ತಾರೋ ಇಲ್ಲವೋ ಎಂಬುದೇ ಕಥೆ. ಇಷ್ಟು ಒಳ್ಳೆಯ ಕಾದಂಬರಿ ನಮ್ಮ ಪಟ್ಟಿಯಲ್ಲಿಲ್ಲದಿದ್ದರೆ ಪಟ್ಟಿಗೇ ಅರ್ಥವಿಲ್ಲ ಎಂದುಕೊಂಡೆ.

ಬೇರೆ ಕುರ್ಚಿ ಕಿಟಕಿಯಿಂದ ದೂರವಿತ್ತು, ಬೆಳಕಿಗಾಗಿ ನಾನು ಬೆತ್ತದ ಕುರ್ಚಿಯಲ್ಲಿ ಕೂತೆ. ಹಳೇ ಕುರ್ಚಿ. ಎದ್ದು ಹೋದ ಮೇಲೂ ಅದರ ಬೆತ್ತ ಸಡಿಲವಾಗುತ್ತಾ ಸ್ವಲ್ಪ ಹೊತ್ತು ಕಿರ್ ಕಿರ್ ಎನ್ನುತ್ತಿತ್ತು. ವಿಮಾನ ಬಂದಾಗ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸುತ್ತಿದ್ದೆ, ಹೋದ ಮೇಲೆ ಮುಂದುವರಿಸುತ್ತಿದ್ದೆ. ಋಷಿಕೇಶ್ ಕಣ್ಣು ಮುಚ್ಚಿ ಕೇಳುತ್ತಿದ್ದ. ರೆಪ್ಪೆಗಳು ಸ್ವಲ್ಪ ಸ್ವಲ್ಪ ನಡುಗುತ್ತಿದ್ದವು. ಓದುವ ನೆಪದಲ್ಲಿ ನಾನು ಅವನ್ನೇ ನೋಡುತ್ತಿದ್ದೆ. ಎರಡು ಸಲ ಸಾಲು ತಪ್ಪಿದೆ.

"ಅಮ್ಮ ಕೂಡ ಹಾಗೇ ಮಾಡ್ತಿದ್ರು," ಎಂದ ಒಂದು ದಿನ, ಕಣ್ಣು ತೆರೆಯದೆ. "ಪ್ಲೇನ್ ಬಂದ್ರೆ ಬೆರಳು ಇಟ್ಟು ವೇಟ್ ಮಾಡೂದು."

ಆ ಮಾತು ಕೇಳಿ ಖುಷಿಯಾಗಬೇಕಿತ್ತು. ಬೆನ್ನಿಗೆ ಚಳಿ ಹತ್ತಿತು.

ಮೂರನೇ ಭಾನುವಾರ ಕೊನೆಯ ಅಧ್ಯಾಯಕ್ಕೆ ಬಂದೆವು. ಚಂದ್ರ ಇರಲಾರದೆಂದು ಗೊತ್ತಿದ್ದುದರಿಂದ ಈ ಒಂದು ಪುಸ್ತಕದ ಕೊನೆಯನ್ನು ನಾನು ಮೊದಲೇ ತೆರೆದು ನೋಡಿರಲಿಲ್ಲ. ಅಲ್ಲಿ ಎಂಟು ಪುಟ ಒಂದಕ್ಕೊಂದು ಕೂಡಿಕೊಂಡಿದ್ದವು. ಹಳೇ ಕಾಲದ ಪುಸ್ತಕ, ಬೈಂಡಿಂಗಿನವರು ಆ ಮಡಿಕೆ ಕತ್ತರಿಸುವುದನ್ನು ಬಿಟ್ಟಿದ್ದರು. ಮೇಲೂ ಬದಿಗೂ ಮುಚ್ಚಿದ ಕಾಗದ. ಅಂದರೆ ಇಷ್ಟು ವರ್ಷ ಯಾರೂ ಈ ಪುಸ್ತಕದ ಕೊನೆ ಓದಿರಲಿಲ್ಲ.

"ಕತ್ತರಿ ಕೊಡಿ," ಎಂದೆ.

"ಇವತ್ತು ಬೇಡ," ಎಂದ. ಮುಗಿದರೆ ಅಮ್ಮ ಪೂರ್ತಿ ಹೋಗುತ್ತಾರೆ ಎಂಬ ಹೆದರಿಕೆ ಮುಖದಲ್ಲೇ ಇತ್ತು. ಒತ್ತಾಯ ಮಾಡಲಿಲ್ಲ.

ಆ ವಾರವೇ ಪಟ್ಟಿ ಬರೆಯಲು ಕೂತೆ. ಮನೆಯಲ್ಲಿದ್ದ ಏಳು ಪುಸ್ತಕಗಳನ್ನು ಮಂಚದ ಮೇಲೆ ಹರಡಿದೆ. ಆರು, ಚಂದ್ರ ಇಲ್ಲವೆಂದೇ ಪರೀಕ್ಷೆಗೆ ತಂದು ಓದಿ ಮುಗಿಸಿದವು. ಏಳನೆಯದು ಲೈಬ್ರರಿಯದೂ ಅಲ್ಲ, ಊರಿನಿಂದ ಬರುವಾಗ ನಾನೇ ಕೊಂಡುತಂದು ಇಲ್ಲಿ ಓದಿದ ಹೊಸ ಪುಸ್ತಕ. ಯಾಕೋ ಒಂದರ ಕೊನೆಯ ಪುಟ ತೆರೆದೆ.

ಅರ್ಧಚಂದ್ರ, ಮಗ್ಗುಲಲ್ಲೊಂದು ಚುಕ್ಕಿ.

ಏಳನ್ನೂ ತೆರೆದೆ. ಏಳರಲ್ಲೂ ಇತ್ತು. ಬಲಗಡೆ ದಪ್ಪ, ಎಡಗಡೆ ತೆಳು, ಒಂದೇ ಎಳೆತ. ಋಷಿಕೇಶನ ಕೈ ಅಲ್ಲ. ಈ ಪುಸ್ತಕಗಳನ್ನು ನನ್ನ ಹೊರತು ಯಾರೂ ಮುಟ್ಟಿರಲಿಲ್ಲ, ಈ ಮನೆಗೆ ನನ್ನ ಹೊರತು ಯಾರೂ ಬಂದಿರಲಿಲ್ಲ. ದಿಂಬಿನ ಪಕ್ಕದಲ್ಲಿ ನನ್ನ ಪೆನ್ಸಿಲ್ ಇತ್ತು. ನಾನು ಎಡಗೈಯವಳು.

ಒಂದು ಕಾಗದ ತೆಗೆದುಕೊಂಡು ಬರೆದು ನೋಡಿದೆ. ಮೊದಲ ಎಳೆತಕ್ಕೇ ಬಂತು. ಬ್ಯಾಂಕಿನಲ್ಲಿ ಯಾರಾದರೂ ಆ ಎರಡನ್ನು ಮುಂದಿಟ್ಟಿದ್ದರೆ ಕಣ್ಣು ಮುಚ್ಚಿ ಪಾಸ್ ಮಾಡುತ್ತಿದ್ದೆ. ಪೆನ್ಸಿಲನ್ನು ಕಿಟಕಿಯಿಂದ ಎಸೆದೆ.

ಇಂದುಮತಿಯವರದೇ ಸೀಮೆಯ ಮಾತು, ಅವರದೇ ಕುರ್ಚಿ, ಅವರು ಬೆರಳಿಡುತ್ತಿದ್ದ ಹಾಗೇ ಬೆರಳು, ಈಗ ಅವರ ಗುರುತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ಯಾರನ್ನು? ನಾನು ಪ್ರೀತಿಸಿದವನಿಗೆ ನಾನು ಕಾಣುತ್ತಲೇ ಇರಲಿಲ್ಲವೇನೋ. ಅದಕ್ಕಿಂತ ಹೆಚ್ಚಾಗಿ, ನಾನು ನಿಜವಾಗಿ ಅಲ್ಲಿದ್ದೆನೋ ಇಲ್ಲವೋ ಎಂಬ ಅನುಮಾನ ನನ್ನನ್ನು ತಿನ್ನತೊಡಗಿತು. ಮುಂದಿನ ಭಾನುವಾರ ಡಮ್ ಡಮ್‌ಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಫೋನ್ ಎತ್ತಲಿಲ್ಲ. ಓದುವುದನ್ನೇ ಬಿಟ್ಟೆ.

ಮಾರ್ಚಿನ ಒಂದು ಮಧ್ಯಾಹ್ನ ಬ್ರಾಂಚಿನಲ್ಲಿ ತಲೆಯೆತ್ತಿದರೆ ಕೌಂಟರಿನಾಚೆ ಅವನು ನಿಂತಿದ್ದ.

"ಅಕೌಂಟ್ ಉಂಟಾ ನಿಮ್ಮದು ಇಲ್ಲಿ?" ಎಂದೆ, ಆದಷ್ಟು ಒಣದನಿಯಲ್ಲಿ.

"ಇಲ್ಲ."

"ಹಾಗಾದ್ರೆ ಎಂತ ಕೆಲಸ?"

"ಕಂಪ್ಲೇಂಟ್ ಉಂಟು. ಒಬ್ಬ ಆಫೀಸರ್ ಎಂಟು ಪುಟ ಬಾಕಿ ಇಟ್ಟು ಓಡಿಹೋಗಿದ್ದಾರೆ."

ಊಟದ ಬಿಡುವಿನಲ್ಲಿ ಹೊರಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಏಳು ಪುಸ್ತಕ, ಏಳು ಚಂದ್ರ, ಕಾಗದದ ಮೇಲೆ ನಾನೇ ಬರೆದ ಎಂಟನೆಯದು. ಅವನು ನಗಲಿಲ್ಲ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಮನೇಲಿ ಓದುವಾಗ ಮನಸ್ಸಲ್ಲಿ ಓದ್ತೀರಾ, ಗಟ್ಟಿಯಾಗಿ ಓದ್ತೀರಾ?"

"ಗಟ್ಟಿಯಾಗಿ. ಒಬ್ಬಳೇ ಅಲ್ವಾ."

ಅವನು ರಸ್ತೆಯ ಕಡೆ ತಿರುಗಿದ. "ಅಮ್ಮನಿಗೆ ಕಣ್ಣು ಮಾತ್ರ ಹೋದದ್ದು. ಕಿವಿ ಚೆನ್ನಾಗಿತ್ತು," ಎಂದ.

ಸುಡುಬಿಸಿಲಿನಲ್ಲಿ ನನ್ನ ಕೈಮೇಲಿನ ಕೂದಲು ಎದ್ದು ನಿಂತಿತು.

"ಇದು ಸಮಾಧಾನ ಮಾಡೂ ಮಾತಾ ಮಾರಾಯ್ರೆ? ಒಂದೋ ನನಗೆ ಹುಚ್ಚು, ಇಲ್ಲದಿದ್ರೆ ನಿಮ್ಮಮ್ಮ ನನ್ನ ಮನೇಲಿ ಇದ್ದಾರೆ. ಅಷ್ಟೇ ಅಲ್ವಾ?" ಕೇಳಲೇಬೇಕಾದ್ದನ್ನು ಕೇಳಿದೆ. "ನಿಮಗೆ ಬೇಕಾದ್ದು ನಾನಾ, ಆ ದನಿಯಾ? ನಿಜ ಹೇಳಿ."

"ಮೊದಲ ದಿನ ದನಿ," ಎಂದ. "ಸುಳ್ಳು ಹೇಳೂದಿಲ್ಲ. ಕಪಾಟಿನ ಆಚೆ 'ಕಾಣಿ' ಅಂದ್ರಲ್ಲ, ಜೀವ ಹೋದ ಹಾಗಾಯ್ತು. ಆಮೇಲೆ..." ಕನ್ನಡ ಸಾಲದೆ ಕೈ ಆಡಿಸಿದ. "ಎರಡು ವಾರ ಆ ಮನೆ ಸೈಲೆಂಟ್ ಇತ್ತು. ಅಮ್ಮ ಇಲ್ಲದ ಸೈಲೆನ್ಸ್ ನನಗೆ ಗೊತ್ತುಂಟು, ಮೂರು ವರ್ಷ ಕೇಳಿದ್ದೇನೆ. ಇದು ಬೇರೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಭಾನುವಾರ ಬನ್ನಿ. ಕೊನೇ ಎಂಟು ಪುಟ ನಾನು ಓದ್ತೇನೆ. ನೀವು ಓದಬೇಡಿ, ಆ ಕುರ್ಚಿಯಲ್ಲೂ ಕೂರಬೇಡಿ. ನಿಮ್ಮ ಎಡಗೈ ಮಾತ್ರ ನನಗೆ ಕೊಡಿ. ಮುಗಿಯೋವರೆಗೆ ಬಿಡೂದಿಲ್ಲ. ಚಂದ್ರ ಬಂದ್ರೆ ನೀವಲ್ಲ ಅಂತ ಗೊತ್ತಾಗ್ತದೆ."

"ಬಾರದಿದ್ರೆ?"

"ಬಾರದಿದ್ರೂ ಕೈ ನನ್ನ ಹತ್ರ ಇರ್ತದಲ್ಲ."

ಹೋದೆ. ಹೆದರಿಕೆಯಿಂದ ಸತ್ತರೂ ಹೋಗುತ್ತಿದ್ದೆ, ಅಷ್ಟು ನೋಡಬೇಕೆನಿಸಿತ್ತು ಅವನನ್ನು.

ಸಂಜೆ ಐದು ಗಂಟೆ. ಕಿಟಕಿಯ ಬೆಳಕು ಹಳದಿಯಾಗಿತ್ತು. ದಿವಾನದ ಮೇಲೆ ನನ್ನ ಎಡಕ್ಕೆ ಅವನು ಕೂತ. ಎದುರಿಗೆ ಬೆತ್ತದ ಕುರ್ಚಿ ಖಾಲಿ. ಸ್ಟೀಲಿನ ಸ್ಕೇಲು ತೂರಿಸಿ ಮಡಿಕೆಗಳನ್ನು ಒಂದೊಂದಾಗಿ ಕೊಯ್ದ. ಮೊದಲು ಇಬ್ಬರೂ ಕೊನೆಯ ಪುಟ ನೋಡಿದೆವು. ಕೊನೆಯ ಸಾಲಿನ ಕೆಳಗೆ ಬರೀ ಖಾಲಿ ಕಾಗದ, ಅಚ್ಚಾದ ದಿನದಷ್ಟೇ ಬೆಳ್ಳಗೆ. ಮನೆಯಲ್ಲಿದ್ದ ಒಂದೇ ಪೆನ್ಸಿಲನ್ನು ಅವನು ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದ.

ಆಮೇಲೆ ನನ್ನ ಎಡಗೈಯನ್ನು ತನ್ನ ಬಲಗೈಯಲ್ಲಿ ತೆಗೆದುಕೊಂಡ. ಬರೆಯುವ ಕೈಗಳೆರಡೂ ಒಂದರೊಳಗೊಂದು ಸಿಕ್ಕಿಕೊಂಡವು. ಎಡಗೈಯಲ್ಲಿ ಪುಸ್ತಕ ಹಿಡಿದು ಓದತೊಡಗಿದ.

ಎಂಥಾ ಓದು ಅದು. ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಎದ್ದು, ಹಿಂದಕ್ಕೆ ಹೋಗಿ ಮತ್ತೆ ಬರುತ್ತಿದ್ದ. ಒಂದು ಉದ್ದನೆಯ ಶಬ್ದಕ್ಕೆ ಮೂರು ಸಲ ಬಿದ್ದಾಗ ನನಗೆ ನಗು ತಡೆಯಲಾಗಲಿಲ್ಲ.

"ಅಮ್ಮ ನಗ್ತಿರಲಿಲ್ಲ," ಎಂದ, ಪುಸ್ತಕದಿಂದ ಕಣ್ಣೆತ್ತದೆ.

"ನಾನು ನಿಮ್ಮಮ್ಮ ಅಲ್ಲ."

"ಅದೇ ನಾನು ಹೇಳ್ತಿರೂದು." ನನ್ನ ಕೈಯನ್ನು ಮೆಲ್ಲಗೆ ಅಮುಕಿ ಮುಂದಿನ ಸಾಲಿಗೆ ಹೋದ.

ಓದುತ್ತಾ ಓದುತ್ತಾ ಕೋಣೆ ಬದಲಾಯಿತು. ಅದನ್ನು ಹೇಗೆ ಹೇಳಬೇಕೋ ತಿಳಿಯದು. ಇಬ್ಬರು ಕೂತಿರುವ ಕೋಣೆಗೂ ಮೂವರು ಕೂತಿರುವ ಕೋಣೆಗೂ ಒಂದು ವ್ಯತ್ಯಾಸ ಇರುತ್ತದಲ್ಲ, ಅದು. ನಾನು ಕುರ್ಚಿಯ ಕಡೆ ನೋಡಲಿಲ್ಲ. ಅವನ ತುಟಿಯನ್ನೇ ನೋಡುತ್ತಾ ಕೂತೆ. ಅವನೂ ತಲೆಯೆತ್ತಲಿಲ್ಲ, ಆದರೆ ಅವನ ದನಿ ಸ್ವಲ್ಪ ಎತ್ತರಿಸಿತು, ದೂರ ಕೂತವರಿಗೂ ಕೇಳಲಿ ಎನ್ನುವ ಹಾಗೆ.

ಕಥೆಯ ಹೆಂಗಸು ಮುದುಕಿಯಾದಳು. ಒಂದು ಮುಸ್ಸಂಜೆ ಚಿಪ್ಪು ಸುಡುವ ಗೂಡಿನ ಬೆಂಕಿ ನೋಡುತ್ತಾ ಕೂಗುವುದನ್ನೇ ಮರೆತಳು. ಅವತ್ತು ಆಚೆ ದಡದಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಕೊನೆಯ ಸಾಲಿಗೆ ಬಂದಾಗಲೇ ವಿಮಾನ ಬಂತು. ಋಷಿಕೇಶ್ ಓದು ನಿಲ್ಲಿಸಿ ಸಾಲಿನ ಮೇಲೆ ಎಡಗೈಯ ಹೆಬ್ಬೆರಳಿಟ್ಟ. ಪಾತ್ರೆಗಳು ಸದ್ದು ಮಾಡಿದವು. ಸದ್ದು ದೂರವಾದ ಮೇಲೆ ಆ ಒಂದು ಸಾಲನ್ನು, ಒಮ್ಮೆಯೂ ಎಡವದೆ, ಸ್ಪಷ್ಟವಾಗಿ ಓದಿ ಹೆಬ್ಬೆರಳು ತೆಗೆದ.

ಕೆಳಗೆ ಚಂದ್ರ ಇತ್ತು.

ಬಲಗಡೆ ದಪ್ಪ, ಎಡಗಡೆ ತೆಳು. ಪೆನ್ಸಿಲಿನ ಸೀಸ ಇನ್ನೂ ಹೊಳೆಯುತ್ತಿತ್ತು. ನಾನು ಬಲಗೈ ಬೆರಳಿಂದ ಮುಟ್ಟಿದೆ, ತುದಿಗೆ ಕಪ್ಪು ಹತ್ತಿತು. ಪೆನ್ಸಿಲ್ ಕಿಟಕಿಯ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು. ನನ್ನ ಎಡಗೈ ಅವನ ಬಲಗೈಯೊಳಗೆ ಬೆವರಿ ಬಿಸಿಯಾಗಿತ್ತು.

ಆಗ ಎದುರಿನ ಬೆತ್ತದ ಕುರ್ಚಿ ಕಿರ್ ಕಿರ್ ಎಂದಿತು. ಯಾರಾದರೂ ಎದ್ದುಹೋದ ಮೇಲೆ ಅದು ಹಾಗೇ ಮಾಡುವುದು.

ಇಬ್ಬರೂ ಅಲ್ಲಾಡಲಿಲ್ಲ. ಸದ್ದು ಕಡಿಮೆಯಾಗುತ್ತಾ ಬಂದು ಪೂರ್ತಿ ನಿಂತಿತು. ಕೋಣೆ ಮತ್ತೆ ಇಬ್ಬರ ಕೋಣೆಯಾಯಿತು. ಋಷಿಕೇಶ್ ಅಳುತ್ತಿದ್ದ, ಸದ್ದಿಲ್ಲದೆ, ಕನ್ನಡಕ ತೆಗೆಯದೆ. ನನಗೂ ಕಣ್ಣು ತುಂಬಿತ್ತು. ಆದರೆ ಎಷ್ಟೋ ದಿನದ ಮೇಲೆ ಮೈ ನನ್ನದೇ ಮೈಯಾಗಿತ್ತು, ಕೈ ನನ್ನದೇ ಕೈ.

"ನಾನಲ್ಲ," ಎಂದೆ.

"ನೀನಲ್ಲ," ಎಂದ ಅವನು. ಮೊದಲ ಸಲ ನೀನು ಎಂದಿದ್ದ. "ನೀನು ಇಲ್ಲಿದ್ದಿ. ನಾನು ಹಿಡ್ಕೊಂಡಿದ್ದೆನಲ್ಲ."

"ಮುಗೀತಲ್ಲ ಪುಸ್ತಕ. ಕೈ ಬಿಡು ಇನ್ನು."

"ಬೇರೆ ಪುಸ್ತಕ ಶುರು ಮಾಡುವ," ಎಂದ, ಬಿಡದೆ. "ನಿನಗೆ ಓದಿ ಹೇಳ್ತೇನೆ. ನಗಬಹುದು ನೀನು. ದಿನಾ ನಗಬಹುದು. ನನಗೆ ನೀನು ಬೇಕು ಜ್ಯೋತ್ಸ್ನಾ."

ನಾನೂ ಹೇಳಿದೆ. ಚಹಾದ ಅಂಗಡಿಯಲ್ಲೇ ಹೇಳಬೇಕಾಗಿದ್ದದ್ದನ್ನೆಲ್ಲ ಆ ದಿವಾನದ ಮೇಲೆ ಹೇಳಿದೆ. ಕತ್ತಲಾಗುತ್ತಾ ಬಂದರೂ ದೀಪ ಹಾಕಲು ಯಾರೂ ಏಳಲಿಲ್ಲ.

ಅದಾದ ಮೇಲೆ ಯಾವ ಪುಸ್ತಕದಲ್ಲೂ ಹೊಸ ಚಂದ್ರ ಬಂದಿಲ್ಲ. ಕೊನೆಯ ಪುಟವನ್ನು ಮೊದಲು ತೆರೆಯುವ ಅಭ್ಯಾಸ ಮಾತ್ರ ನನಗೆ ಇನ್ನೂ ಹೋಗಿಲ್ಲ.

ಯುಗಾದಿಯ ಹೊತ್ತಿಗೆ ಪಟ್ಟಿ ಅಚ್ಚಾಯಿತು. ಮೂವತ್ತೊಂದು ಪುಸ್ತಕ. ಮೊದಲನೆಯದು "ಗಡಿಯಾರದೊಳಗಿನ ಗುಬ್ಬಿ", ಕೊನೆಯದು "ಚಿಪ್ಪು ಸುಡುವವರು". ಅಶ್ವತ್ಥನಾರಾಯಣ ಸರ್ ಪೂರ್ತಿ ಓದಿ ಕೆಳಗೆ ಬೆರಳಿಟ್ಟು ನನ್ನನ್ನು ಕರೆದರು.

"ಇದೊಂದು ಸಾಲು ಯಾರಮ್ಮ ಸೇರಿಸಿದ್ದು?"

"ನಾನೇ ಸರ್. ಇಲ್ಲಿನ ಮಕ್ಕಳಿಗೆ ಕನ್ನಡ ಓದಲಿಕ್ಕೆ ಬರುದಿಲ್ಲ, ಕೇಳಿದ್ರೆ ಅರ್ಥ ಆಗ್ತದೆ. ಅದಕ್ಕೆ."

"ಸರಿಯೇ," ಎಂದರು. ಮತ್ತೊಮ್ಮೆ ಆ ಸಾಲನ್ನು ನೋಡಿದರು. ಹಿಂದಿನ ಕಪಾಟುಗಳ ಕಡೆ ನೋಡಿದರು.

ಪಟ್ಟಿಯ ಕೆಳಗೆ ನಾನು ಬರೆದದ್ದು ಇಷ್ಟೆ: ಈ ಪುಸ್ತಕಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಕೇಳುವವರಿದ್ದಾರೆ.